ಹೊಸ ಪೋಸ್ಟ್‌ಗೂ ಮೊದಲು ಹಳೆಯದನ್ನು ನೋಡಿ

ಬ್ಲಾಗ್ ಬರೆಯುವವರಿಗೆ ಒಂದು ಸಲಹೆ. ವಾರ ವಾರ ಹೊಸ ಪೋಸ್ಟ್ ಹಾಕಲೇಬೇಕು ಅಂತ ಒದ್ದಾಡುವ ಬದಲು, ತಿಂಗಳಿಗೊಮ್ಮೆ ಗೂಗಲ್ ಸರ್ಚ್ ಕನ್ಸೋಲ್ ಎಂಬ ಗೂಗಲ್‌ನ ತಾಣ ತೆರೆದು ನೋಡಿ. ದುಡ್ಡೇನೂ ಕೊಡಬೇಕಾಗಿಲ್ಲ. ಜನ ಏನು ಹುಡುಕಿದಾಗ ನಿಮ್ಮ ಬರಹ ಕಾಣಿಸಿತು, ಎಷ್ಟು ಸಲ ಕ್ಲಿಕ್ ಆಯಿತು ಎಂಬ ಲೆಕ್ಕ ಅಲ್ಲಿ 16 ತಿಂಗಳ ಹಿಂದಿನವರೆಗೂ ಸಿಗುತ್ತದೆ. ಹುಡುಕಾಟದ ಮೊದಲ ಪುಟದಲ್ಲಿ ಕಾಣಿಸಿಯೂ ಯಾರೂ ಒತ್ತದಿದ್ದರೆ ತಲೆಬರಹದ ಮೇಲೆ ಅನುಮಾನ ಪಡಿ. ನಾನೊಂದು ಪೋಸ್ಟ್‌ಗೆ ‘ಕೆಲವು ಅನಿಸಿಕೆಗಳು’ ಅಂತ ಹೆಸರಿಟ್ಟಿದ್ದೆ. ಯಾರು ತಾನೇ ಓದುತ್ತಾರೆ, ಅಲ್ವಾ? ಜನ ಹುಡುಕುತ್ತಿದ್ದ ಪ್ರಶ್ನೆಯನ್ನೇ ತಲೆಬರಹ ಮಾಡಿದ ಮೇಲೆ ಓದುಗರು ಬರತೊಡಗಿದರು. ಹೆಸರು ಬದಲಿಸುವಾಗ ಲಿಂಕ್ ಮಾತ್ರ ಮುಟ್ಟಬೇಡಿ. ಅದು ಬದಲಾದರೆ ಹಳೆಯ ಲಿಂಕ್ ಹಿಡಿದು ಬಂದವರಿಗೆ ಪುಟವೇ ಸಿಗದೆ ಹೋಗಬಹುದು.

ಐಡಿಯಾ ಬರೆದಿಡಲು ಒಂದೇ ಶೀಟ್ ಸಾಕು: ವಿಷಯ, ಎಲ್ಲಿಗೆ ಬಂತು, ಕೊನೆಯ ಸಲ ತಿದ್ದಿದ ದಿನ. ಆಪ್ ಜಾಸ್ತಿಯಾದಷ್ಟೂ ಜೋಡಿಸುವುದರಲ್ಲೇ ಹೊತ್ತು ಹೋಗುತ್ತದೆ.

ಇನ್ನು ಬೇರೆ ಬ್ಲಾಗ್ ಬರೆಯುವವರ ಪರಿಚಯ ಬೆಳೆಸುವ ವಿಚಾರ. ‘ಸೂಪರ್, ನನ್ನದನ್ನೂ ಓದಿ’ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಅವರ ಬರಹದ ಒಂದು ಮಾತು ಹಿಡಿದು ಪ್ರಶ್ನೆ ಕೇಳಿ. ನಿಮ್ಮ ಪೋಸ್ಟ್‌ನಲ್ಲಿ ಅವರ ಲಿಂಕ್ ಕೊಟ್ಟಿದ್ದರೆ ಎರಡು ಸಾಲಿನ ಮೇಲ್ ಕಳಿಸಿ. ಉತ್ತರ ಬರಲಿಲ್ಲವೇ? ಸುಮ್ನೆ ಬಿಟ್ಟುಬಿಡಿ, ಬೆನ್ನು ಹತ್ತಬೇಡಿ.