ಕರೆಂಟು ಮುಗಿದ ಮೇಲಿನ ದಿನಗಳು: ನನ್ನ ಅನುಭವ

ಗಂಟಲು ಕ್ಯಾನ್ಸರಿಗೆ ಕರೆಂಟು, ಅಂದರೆ ರೇಡಿಯೇಷನ್, ಸಾಮಾನ್ಯವಾಗಿ ಆರೇಳು ವಾರ, ವಾರಕ್ಕೆ ಐದು ದಿನ. ಕೋಲಾರದಿಂದ ಬೆಂಗಳೂರಿಗೆ ಅಲೆಯುವಾಗ ಯೋಚನೆಗೆ ಪುರುಸೊತ್ತೇ ಇರುವುದಿಲ್ಲ. ಅಲೆದಾಟ ನಿಂತ ಮೇಲೆ ಮನಸ್ಸು ಕುಸಿಯುತ್ತದೆ.

ಸುಸ್ತು, ಮಂಕು, ಯಾವುದೂ ಬೇಡ ಅನ್ನಿಸುವುದು: ಇದನ್ನೆಲ್ಲ ಮನಸ್ಸಿನ ಲೆಕ್ಕಕ್ಕೆ ಬರೆಯುವ ಮುಂಚೆ ಟಿಎಸ್‌ಎಚ್, ಅಂದರೆ ಥೈರಾಯ್ಡ್ ನೋಡುವ ರಕ್ತಪರೀಕ್ಷೆ, ಮಾಡಿಸಬೇಕು. ಕುತ್ತಿಗೆಗೆ ಬಿದ್ದ ಕಿರಣದಿಂದ ಥೈರಾಯ್ಡ್ ಎಷ್ಟೋ ತಿಂಗಳ ನಂತರ ಸೋಲಬಹುದು. ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಈ ಪರೀಕ್ಷೆ ಬೇಕು. ಥೈರಾಯ್ಡ್ ಮಾತ್ರೆ ಬರೆದುಕೊಟ್ಟರೆ ಖಾಲಿ ಹೊಟ್ಟೆಯಲ್ಲಿ ನುಂಗಿ, ಅರ್ಧ ಗಂಟೆಯಾದರೂ ಬಿಟ್ಟು ಕಾಫಿ. ಜೊತೆಗೆ ಹಿಮೋಗ್ಲೋಬಿನ್ ನೋಡಿಸಿ.

ನನ್ನ ಮಟ್ಟಿಗೆ ಅತಿ ಕಷ್ಟದ್ದು ಊಟದ ಪಂಕ್ತಿ. ಜೊಲ್ಲು ಒಣಗಿರುತ್ತದೆ, ಚಪಾತಿ ಗಂಟಲಲ್ಲೇ ನಿಲ್ಲುತ್ತದೆ, ಪಕ್ಕದವರು ಎದ್ದರೂ ನಮ್ಮ ಎಲೆ ಖಾಲಿಯಾಗಿರುವುದಿಲ್ಲ. ನಾಚಿಕೆಯಿಂದ ಮದುವೆಗೇ ಹೋಗದಿರುವುದು ಇಲ್ಲಿಂದ ಶುರು. ನುಂಗಲು ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದರೆ ಮುದ್ದೆಯೇ ವಾಸಿ. ಮೆತ್ತಗೆ ತೊಳಸಿ, ಖಾರವಿಲ್ಲದ ತೆಳು ಸಾರಲ್ಲಿ ಅದ್ದಿದರೆ ಜಾರುತ್ತದೆ. (ಅಗಿಯದೆ ನುಂಗುವ ನಮ್ಮ ಸೀಮೆಯ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು.) ಅರ್ಧ ಲೀಟರ್ ನೀರಿನ ಬಾಟಲಿ ಸದಾ ಕೈಯಲ್ಲಿರಲಿ. ಮೊದಲ ಪಂಕ್ತಿಯ ತುದಿಯಲ್ಲಿ ಕೂತು, ಬಡಿಸುವವರಿಗೆ ಮೊದಲೇ ಹೇಳಿಬಿಡಿ.

ಇನ್ನು ಭಯದ ವಿಷಯ. ಕಾಯಿಲೆ ಉಳಿದಿದೆಯೇ ಎಂದು ನೋಡುವ ಪೆಟ್-ಸಿಟಿ ಸ್ಕ್ಯಾನನ್ನು ಕರೆಂಟು ಮುಗಿದು ಸುಮಾರು 12 ವಾರದ ನಂತರ ಇಡುವುದು ಸುಮ್ಮನೆ ಅಲ್ಲ. ಬೇಗ ಮಾಡಿಸಿದರೆ ಕಿರಣದ ಉರಿಯೂತವೇ ಕಾಯಿಲೆಯಂತೆ ಹೊಳೆಯುತ್ತದೆ, ಇಲ್ಲದ ಗಾಬರಿ. ಆ 12 ವಾರಕ್ಕೆ ನಾನು ಇಟ್ಟುಕೊಂಡಿದ್ದು ಒಂದು ನೋಟ್‌ಬುಕ್. ಸಂಜೆ 20 ನಿಮಿಷ ಮಾತ್ರ; ಎಡಗಡೆ ಡಾಕ್ಟರನ್ನು ಕೇಳಬೇಕಾದ್ದು, ಬಲಗಡೆ ಬರೀ ಯೋಚನೆ. ರಾತ್ರಿ ಮಲಗುವ ಹೊತ್ತಿಗೆ ಬರೆದರೆ ನಿದ್ದೆ ಕೆಡಬಹುದು. ಹೊಸ ಗಂಟು, ರಕ್ತ, ದಿನದಿಂದ ದಿನಕ್ಕೆ ಹೆಚ್ಚುವ ನೋವು ಇದ್ದರೆ ನೋಟ್‌ಬುಕ್ ಬೇಡ, ಕೊಟ್ಟ ತಾರೀಖಿಗೂ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಬೆಳಿಗ್ಗೆ ಕೆರೆ ಏರಿ ಮೇಲೆ ಹತ್ತು ನಿಮಿಷ ನಡಿಗೆ, ವಾರಕ್ಕೆ ಐದೈದು ನಿಮಿಷ ಏರಿಸಿ. ಮೊದಲ ದಿನವೇ ಒಂದು ಗಂಟೆ ನಡೆದರೆ ಎರಡು ದಿನ ಹಾಸಿಗೆ ಗ್ಯಾರಂಟಿ.

ಎರಡು ವಾರ ಬಿಡದೆ ಮಂಕು ಕವಿದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಯೋಚನೆ ಬಂದರೆ ಎರಡು ವಾರವೂ ಬೇಡ, ಆ ಗಳಿಗೆಯಲ್ಲೇ ಮಾಡಿ.

ಬಸ್ಸಲ್ಲಿ ನಮ್ಮ ಬದಲಾದ ದನಿ ಕೇಳಿ ತಿರುಗುವವರಿಗೆ ಒಂದೇ ಉತ್ತರ ಬಾಯಿಪಾಠ ಮಾಡಿಟ್ಟುಕೊಳ್ಳಿ: “ಗಂಟ್ಲಿಗೆ ಕರೆಂಟು ಕೊಟ್ಟವ್ರೆ ಅಣ್ಣ, ಅಂಟೋ ಕಾಯಿಲೆ ಅಲ್ಲ.” ಅಷ್ಟು ಹೇಳಿ ಕಿಟಕಿ ಕಡೆ ನೋಡಿ.