ಬೋರ್ಡ್ ಬದಲಿಸದೆ ಡೆಬಿಯನ್ ಎಬ್ಬಿಸಿದ್ದು

ಡೊಂಬಿವಲಿಯ ಶೆಟ್ರ ಹೋಟೆಲಿನ ಬಿಲ್ಲಿಂಗ್ ಲ್ಯಾಪ್‌ಟಾಪ್ ಆರನೇ ಜನರೇಶನ್ನಿನ ಐ3. ವಿಂಡೋಸ್ 11ರ ಪಟ್ಟಿಯಲ್ಲಿ ಅದಿಲ್ಲ, 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಬಿಲ್ಲಿಂಗ್ ನಡೆಯುವುದು ಬ್ರೌಸರಿನಲ್ಲೇ, ಹಾಗಾಗಿ ಎಲ್ಲ ಅಳಿಸಿ ಡೆಬಿಯನ್ ಎಂಬ ಉಚಿತ ಲಿನಕ್ಸ್ ಹಾಕಿದೆ. ಇನ್‌ಸ್ಟಾಲ್ ಸಲೀಸಾಗಿ ಮುಗಿಯಿತು. ರೀಸ್ಟಾರ್ಟ್ ಮಾಡಿದರೆ ಬೂಟ್ ಡಿವೈಸೇ ಇಲ್ಲ ಅನ್ನುತ್ತದೆ.

ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಲೈವ್ ಪೆನ್‌ಡ್ರೈವ್ ಹಾಕಿ, efibootmgr ಎಂಬ ಕಮಾಂಡಿನಿಂದ ಬೂಟ್ ಎಂಟ್ರಿ ಬರೆದೆ, ಅಂದರೆ ಯಾವ ಫೈಲಿನಿಂದ ಏಳಬೇಕೆಂದು ಮಶೀನಿಗೆ ಹೇಳುವ ದಾಖಲೆ. ಬರೆದಾಗ ಕಾಣುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಮಾಯ. ಬೂಟ್ ರಿಪೇರ್ ಎಂಬ ದುರಸ್ತಿ ಪ್ರೋಗ್ರಾಂ ಓಡಿಸಿದೆ, ಅದೇ ಕಥೆ. ಸಹಿ ಇಲ್ಲದ ಲೋಡರನ್ನು ತಡೆಯುವ ಸೆಕ್ಯೂರ್ ಬೂಟ್ ಮೊದಲೇ ಆಫ್. ಬಯೋಸ್ ಅಪ್‌ಡೇಟ್ ಮಾಡಿದೆ, ಪ್ರಯೋಜನವಾಗಲಿಲ್ಲ. ಎಂಟ್ರಿ ಕೂರುವುದು ಫ್ಲ್ಯಾಶ್ ಚಿಪ್ಪಿನಲ್ಲಿ, ಸೆಲ್ ಹೋದರೂ ಅಳಿಯುವುದಿಲ್ಲ; ಆದರೂ ಶೆಟ್ರ ಸಮಾಧಾನಕ್ಕೆ ಬೋರ್ಡಿನ ಮೇಲಿನ ನಲವತ್ತು ರೂಪಾಯಿಯ ಸೀಮಾಸ್ ಸೆಲ್ಲೂ ಬದಲಾಯಿತು. ಮುಂಬಯಿಯ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಮದರ್‌ಬೋರ್ಡೇ ಹೋಗಿದೆ ಅಂದರು, ಬದಲಿಸಲು ಆರು ಸಾವಿರದ ಆಸುಪಾಸು. ಘಾಟ್‌ಕೋಪರಿನ ಗೆಳೆಯನಂತೂ “ಇದರಲ್ಲಿ ಲಿನಕ್ಸ್ ನಿಲ್ಲುದಿಲ್ಲ ಮಾರಾಯ, ಬಿಟ್ಟುಬಿಡು” ಅಂದ.

ನಾನು ಒಪ್ಪಲಿಲ್ಲ. ಪೆನ್‌ಡ್ರೈವ್ ಪ್ರತಿಸಲವೂ ಬೂಟ್ ಆಗುತ್ತಿತ್ತಲ್ಲ! ಅದಕ್ಕೆ ಯಾರೂ ಎಂಟ್ರಿ ಬರೆದಿಲ್ಲ. ಇಎಫ್‌ಐ ಫೋಲ್ಡರಿನೊಳಗೆ ಬೂಟ್ ಎಂಬ ಫೋಲ್ಡರ್, ಅದರಲ್ಲಿ ಬೂಟ್‌ಎಕ್ಸ್64 (BOOTX64.EFI) ಫೈಲ್ ಇದ್ದರೆ ಫರ್ಮ್‌ವೇರ್, ಅಂದರೆ ಬೋರ್ಡಿನೊಳಗಿನ ಬಯೋಸ್, ತಾನೇ ಎತ್ತಿಕೊಳ್ಳುತ್ತದೆ. ಒಳಗಿನ ಎಸ್‌ಎಸ್‌ಡಿಗೂ ಅದೇ ದಾರಿ ಕೊಟ್ಟೆ: ಪೆನ್‌ಡ್ರೈವಿನಿಂದಲೇ ಒಳಗಿನ ಡೆಬಿಯನ್ನಿಗೆ ಹೊಕ್ಕು (chroot), ಲಿನಕ್ಸನ್ನು ಎಬ್ಬಿಸುವ ಲೋಡರಾದ ಗ್ರಬ್ಬನ್ನು ಕೂರಿಸುವ ಗ್ರಬ್-ಇನ್‌ಸ್ಟಾಲ್ ಕಮಾಂಡಿಗೆ ರಿಮೂವೆಬಲ್ (--removable) ಆಯ್ಕೆ ಸೇರಿಸಿ ಓಡಿಸಿದೆ. ಆಫ್ ಮಾಡಿ, ಚಾರ್ಜರ್ ಕಿತ್ತು, ಆನ್ ಮಾಡಿದೆ. ಗ್ರಬ್ ಮೆನು ಬಂತು!

ಇಲ್ಲಿಗೇ ಬಿಟ್ಟರೆ ಮುಂದೆ ಗ್ರಬ್ ಅಪ್‌ಡೇಟ್ ಆದಾಗ ಆ ಫೈಲ್ ಹಳೆಯದೇ ಉಳಿದು ತೊಂದರೆ ಕೊಡಬಹುದು. ಗ್ರಬ್ ಪ್ಯಾಕೇಜಿಗೆ (grub-efi-amd64) ಡಿಪಿಕೆಜಿ-ರೀಕಾನ್ಫಿಗರ್ ಕಮಾಂಡ್ ಓಡಿಸಿದರೆ ರಿಮೂವೆಬಲ್ ದಾರಿಯಲ್ಲೂ ಹಾಕಲೇ ಎಂದು ಡೆಬಿಯನ್ ಕೇಳುತ್ತದೆ, ಹೌದು ಅನ್ನಿ.

ಇದೇ ಹುರುಪಿನಲ್ಲಿ ಮೂಲೆಯಲ್ಲಿದ್ದ, ಇಂಟೆಲ್ಲಿನ ಹಳೆಯ ಬೇ ಟ್ರೇಲ್ ಚಿಪ್ಪಿನ ಮಿನಿ ಲ್ಯಾಪ್‌ಟಾಪನ್ನೂ ಹಿಡಿದೆ. ಪ್ರೊಸೆಸರ್ 64 ಬಿಟ್, ಫರ್ಮ್‌ವೇರ್ 32. ಅದು ಹುಡುಕುವುದು ಬೂಟ್‌ಐಎ32 ಫೈಲನ್ನು. ಹಾಕಿಕೊಟ್ಟೆ, ಎದ್ದಿತು. ಎರಡು ಜಿಬಿ ರ‍್ಯಾಮ್‌ನಲ್ಲಿ ಬ್ರೌಸರ್ ತೆವಳುತ್ತದೆ, ಅದು ಬೇರೆ ಮಾತು.

ವಿಂಡೋಸ್ ಜೊತೆಗೇ ಇರುವ ಡಿಸ್ಕಿನಲ್ಲಿ ಇಷ್ಟೇ ಸಾಲದು, ಕೆಲವು ಫರ್ಮ್‌ವೇರ್ ಹಟ ಹಿಡಿದು ವಿಂಡೋಸಿನ ಲೋಡರಿಗೇ ಹೋಗುತ್ತವೆ. ಅದಕ್ಕೆ ನನ್ನದೊಂದು ಉಪಾಯವಿದೆ, ನನ್ನ ಹೊಟ್ಟೆಪಾಡಿನದು, ಇಲ್ಲಿ ಬಿಚ್ಚುವುದಿಲ್ಲ. ಶೆಟ್ರಿಂದ ಎಂಟುನೂರು ತೆಗೆದುಕೊಂಡೆ. ಈಗ ಅವರ ಎರಡನೇ ಕೌಂಟರಿನ ಮಶೀನೂ ನನ್ನ ಕೈಗೆ ಬಂದಿದೆ.