ಕೋಬಾಲ್ಟ್ ಬೋರೈಡ್ ಮೇಲೆ ಕುಳಿತ ಪ್ಲಾಟಿನಂ

ನೀರನ್ನು ವಿದ್ಯುತ್ತಿನಿಂದ ವಿಭಜಿಸಿ ಜಲಜನಕ ಪಡೆಯಲು ಪ್ಲಾಟಿನಂಗೆ ಬದಲಾಗಿ ನಾನು ಆರಿಸಿಕೊಂಡ ವೇಗವರ್ಧಕ ಕೋಬಾಲ್ಟ್ ಬೋರೈಡ್. ಇದಕ್ಕೆ ಕುಲುಮೆ ಬೇಡ, ಮಂಜುಗಡ್ಡೆಯ ಮೇಲಿಟ್ಟ ಬೀಕರ್ ಸಾಕು. ಗುಲಾಬಿ ಬಣ್ಣದ ಕೋಬಾಲ್ಟ್ ಕ್ಲೋರೈಡ್ ದ್ರಾವಣಕ್ಕೆ, ತುಸು ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿದ ಸೋಡಿಯಂ ಬೋರೋಹೈಡ್ರೈಡನ್ನು ಹನಿಹನಿಯಾಗಿ ಬಿಟ್ಟರೆ, ಹನಿ ಬಿದ್ದಲ್ಲೇ ಕಾಡಿಗೆಯಂಥ ಕಪ್ಪು ಒತ್ತರ ಹುಟ್ಟಿ ನೊರೆ ಉಕ್ಕುತ್ತದೆ. ಆಗಷ್ಟೇ ಹುಟ್ಟಿದ ಬೋರೈಡ್ ಉಳಿದ ಬೋರೋಹೈಡ್ರೈಡನ್ನೂ ಒಡೆಯುವುದರಿಂದ ಆ ನೊರೆಯಲ್ಲಿರುವುದೂ ಜಲಜನಕವೇ. ಆದ್ದರಿಂದ ದೊಡ್ಡ ಬೀಕರ್ ಮತ್ತು ಅನಿಲವನ್ನು ಹೊರಹಾಕುವ ಫ್ಯೂಮ್ ಹುಡ್ ಎರಡೂ ಬೇಕು.

ನೀರು ಮತ್ತು ಎಥನಾಲಿನಲ್ಲಿ ತೊಳೆದು ನಿರ್ವಾತದಲ್ಲಿ ಒಣಗಿಸಿದ ಮೊದಲ ಕಂತನ್ನು ಆತುರದಿಂದ ಹೊರತೆಗೆದಾಗ, ಪುಡಿ ಗಾಳಿ ತಾಗಿದೊಡನೆ ಕಾದು ಕೆಳಗಿನ ಫಿಲ್ಟರ್ ಕಾಗದವನ್ನು ಕಂದಿಸಿತು. ಅಂದಿನಿಂದ ಗಾಳಿಯನ್ನು ಬಹಳ ನಿಧಾನವಾಗಿ ಒಳಬಿಡುತ್ತೇನೆ.

ಪುಡಿಯನ್ನು ನೀರು, ಆಲ್ಕೋಹಾಲ್ ಮತ್ತು ಪುಡಿಯನ್ನು ಅಂಟಿಸಿಡುವ ಪಾಲಿಮರ್ ಆದ ನಾಫಿಯಾನ್‌ನಲ್ಲಿ ಕಲಸಿ, 3 ಮಿಲಿಮೀಟರ್ ವ್ಯಾಸದ ಗ್ಲಾಸಿ ಕಾರ್ಬನ್ ವಿದ್ಯುದ್ವಾರದ ಮೇಲೆ ಒಂದು ಹನಿ ಇಟ್ಟು, 1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಅಳೆದೆ. ಪ್ರತಿ ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಹರಿಸಲು ಮೊದಲ ದಿನ ಸುಮಾರು 250 ಮಿಲಿವೋಲ್ಟ್ ಹೆಚ್ಚುವರಿ ವೋಲ್ಟೇಜ್ (ಸಿದ್ಧಾಂತದ ಪ್ರಕಾರ ಬೇಕಾದ ಕನಿಷ್ಠಕ್ಕಿಂತ ಹೆಚ್ಚಿಗೆ ಕೊಡಬೇಕಾದದ್ದು; ಕಡಿಮೆಯಾದಷ್ಟೂ ಒಳ್ಳೆಯದು) ಬೇಕಾಯಿತು. ವೋಲ್ಟೇಜನ್ನು ಸಾವಿರ ಸಲ ಏರಿಳಿಸಿದ ನಂತರ ಅದು 130ಕ್ಕೆ ಇಳಿಯಿತು. ಬಳಸಿದಷ್ಟೂ ಉತ್ತಮಗೊಳ್ಳುವ ವೇಗವರ್ಧಕ ಸಿಕ್ಕಿತೆಂದು ನಾನು ಹಿಗ್ಗಿದ್ದು ನಿಜ. ಆದರೆ ಬೋರೈಡ್‌ನ ಮೇಲ್ಮೈ ಕ್ಷಾರದಲ್ಲಿ ಉತ್ಕರ್ಷಣಗೊಂಡು ಬೋರಾನ್ ಕಳೆದುಕೊಳ್ಳುವುದು ಸಾಮಾನ್ಯ. ಹೀಗಿರುವಾಗ ಈ ಸುಧಾರಣೆ ಎಲ್ಲಿಂದ ಬಂತು?

ಉತ್ತರ ಎದುರಿನ ವಿದ್ಯುದ್ವಾರದಲ್ಲಿತ್ತು. ಒಂದೇ ಕೋಶದಲ್ಲಿ ಅದ್ದಿಟ್ಟಿದ್ದ ಪ್ಲಾಟಿನಂ ತಂತಿ ಆಮ್ಲಜನಕ ಬಿಡುತ್ತಿರುವಾಗ ಕಣ್ಣಿಗೆ ಕಾಣದಷ್ಟು ಕರಗಿ, ದ್ರಾವಣದ ಮೂಲಕ ಬಂದು ನನ್ನ ಬೋರೈಡ್ ಮೇಲೆ ಕುಳಿತಿತ್ತು. ಮೇಲ್ಮೈಯಲ್ಲಿರುವ ಧಾತುಗಳನ್ನು ಗುರುತಿಸುವ ಎಕ್ಸ್-ಕಿರಣ ಫೋಟೋಎಲೆಕ್ಟ್ರಾನ್ ರೋಹಿತದಲ್ಲಿ ಪ್ಲಾಟಿನಂನ ಗೆರೆಗಳು ಸ್ಪಷ್ಟವಾಗಿ ಎದ್ದು ಕಂಡವು. ನಾನು ಹೊಗಳುತ್ತಿದ್ದದ್ದು ಯಾವ ಲೋಹಕ್ಕೆ ಬದಲಿ ಹುಡುಕುತ್ತಿದ್ದೆನೋ ಅದೇ ಲೋಹವನ್ನು.

ತಂತಿಯ ಬದಲು ಗ್ರ್ಯಾಫೈಟ್ ಕಡ್ಡಿ ಹಾಕಿ, ಹೊಸ ಹನಿಯಿಟ್ಟು ಮತ್ತೆ ಅಳೆದಾಗ 250 ಮಿಲಿವೋಲ್ಟ್ ಇಳಿಯುವ ಬದಲು ನಿಧಾನವಾಗಿ ಏರಿತು. ಸಾಧಾರಣವೆನಿಸಿದರೂ ನಾನು ನಂಬುವ ಅಂಕಿ ಅದು. ಗ್ರ್ಯಾಫೈಟ್ ಕೂಡ ನಿರ್ದೋಷಿಯೇನಲ್ಲ: ದೀರ್ಘ ಪ್ರಯೋಗದಲ್ಲಿ ಅದು ಸವೆದು ದ್ರಾವಣವನ್ನು ಚಹಾದ ಬಣ್ಣಕ್ಕೆ ತಿರುಗಿಸಿತು. ಹಾಗಾಗಿ ಈಗ ಕಡ್ಡಿಯನ್ನು ಪೊರೆಯಾಚೆಯ ಬೇರೆ ಕೋಣೆಯಲ್ಲಿಟ್ಟು, ಪ್ರತಿ ಅಳತೆಗೂ ಹೊಸ ಕ್ಷಾರ ತುಂಬುತ್ತೇನೆ.